ನರ್ಸಿಂಗ್ ಆಫೀಸರ್ ಪರೀಕ್ಷೆಯ ಪ್ರಶ್ನಕೋಶ, 11 ತಿಂಗಳ ಬಳಕೆ: ಉತ್ತರಕ್ಕೆ ತಾರೀಖೇ ಇಲ್ಲ

ಐದಕ್ಕೆ ಮೂರು ಸ್ಟಾರ್. ನಾಲ್ಕನೇ ತಿಂಗಳಲ್ಲಿ ಬರೆದಿದ್ದರೆ ಕಣ್ಣುಮುಚ್ಚಿ ಐದು ಕೊಡುತ್ತಿದ್ದೆ. ಈ ಆ್ಯಪ್ ಒಳಗೆ ಎಷ್ಟು ಸಾವಿರ ಪ್ರಶ್ನೆ, ಎಷ್ಟು ಗಂಟೆ ವಿಡಿಯೊ ಎಂಬುದೆಲ್ಲ ಜಾಹೀರಾತಿನಲ್ಲೇ ಇದೆ, ನೋಡಿರುತ್ತೀರಿ. ವಿಡಿಯೊಗಳ ಬಗ್ಗೆ ಹೇಳಲು ಏನೂ ಇಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಐವತ್ತು ನಿಮಿಷದ ಪಾಠ ಜೋಗುಳ, ಅಷ್ಟೇ. ದುಡ್ಡು ಕೊಟ್ಟಿದ್ದು ಪ್ರಶ್ನೆಗಳಿಗೆ, ಅದೂ ಏಮ್ಸ್ ನಡೆಸುವ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ ನಾರ್ಸೆಟ್‌ಗೆ ಅಂತ.

ಆ ಪರೀಕ್ಷೆಯ ಪ್ರಿಲಿಮ್ಸ್ ಗೊತ್ತಿರುವವರಿಗೆ ಇದರ ‘ಬ್ಲಾಕ್’ ಮೋಡ್ ಯಾಕೆ ಇಷ್ಟವಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. 100 ಪ್ರಶ್ನೆ, 90 ನಿಮಿಷ. ಅದನ್ನೂ 20 ಪ್ರಶ್ನೆಗಳ ಐದು ತುಂಡು ಮಾಡಿ, ತುಂಡಿಗೆ 18 ನಿಮಿಷ ಕೊಡುತ್ತಾರೆ. ಒಂದು ತುಂಡು ಮುಗಿದರೆ ಮುಗಿಯಿತು, ಹಿಂದಕ್ಕೆ ಹೋಗುವಂತಿಲ್ಲ. ಪ್ರಶ್ನೆಗೆ 54 ಸೆಕೆಂಡ್ ಬಿತ್ತು. ಆ್ಯಪ್ ಇದನ್ನು ಚಾಚೂ ತಪ್ಪದೆ ಪಾಲಿಸುತ್ತದೆ: 18ನೇ ನಿಮಿಷಕ್ಕೆ ಪರದೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಬೇಡಿಕೊಂಡರೂ ತೆರೆಯುವುದಿಲ್ಲ.

ಬೆಳಗ್ಗೆ ಸ್ಟೌ ಹಚ್ಚುವ ಮೊದಲು ಒಂದು ಬ್ಲಾಕ್. ಫೋನ್ ಏರೋಪ್ಲೇನ್ ಮೋಡ್‌ನಲ್ಲಿ, ಪಕ್ಕದಲ್ಲಿ ಒಂದು ಖಾಲಿ ಹಾಳೆ, ಪೆನ್ಸಿಲ್. ಮೊದಲ ಹತ್ತು ನಿಮಿಷ ಓದಿದ ಕೂಡಲೇ ಗೊತ್ತಾಗುವಂಥವು ಮಾತ್ರ. ಡ್ರಿಪ್ ಲೆಕ್ಕ, ಐದು ಸಾಲಿನ ಕೇಸ್ ಬಂದರೆ ಗುರುತು ಹಾಕಿ ಮುಂದೆ. ಮುಂದಿನ ಆರು ನಿಮಿಷ ಗುರುತು ಹಾಕಿದವುಗಳಿಗೆ. ಉಳಿದ ಎರಡು ನಿಮಿಷದಲ್ಲಿ ಯಾವುದಕ್ಕೆ ಕೈಹಾಕುವುದು, ಯಾವುದನ್ನು ಬಿಡುವುದು ಎಂಬ ತೀರ್ಮಾನ. ಆಮೇಲೆ ಕಾಫಿ. ಅಂಕ ನೋಡುವ ಚಪಲ ಬೇಡ, ಲೋಟ ಹಿಡಿದು ತಪ್ಪಾದವನ್ನಷ್ಟೇ ತೆರೆಯಬೇಕು. ಸರಿಯಾದವುಗಳ ವಿವರಣೆ ಓದುತ್ತ ಕೂತರೆ ಬೆನ್ನು ತಟ್ಟಿಕೊಂಡ ಸುಖ ಸಿಗುತ್ತದೆ, ಅಂಕ ಸಿಗುವುದಿಲ್ಲ.

ಶುರು ಮಾಡುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಮೈನಸ್ ಅಂಕ ಬದಲಿಸಿಕೊಳ್ಳಿ. ಆ್ಯಪ್ ತಾನಾಗಿ ಕಾಲು ಅಂಕ ಕಳೆಯುತ್ತದೆ. ನಾರ್ಸೆಟ್‌ನಲ್ಲಿ ಹೋಗುವುದು ಮೂರನೇ ಒಂದು. ಸಣ್ಣ ವ್ಯತ್ಯಾಸ ಅನ್ನಬೇಡಿ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒತ್ತಿದರೆ, ಮೂರನೇ ಒಂದರ ಲೆಕ್ಕದಲ್ಲಿ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದರೆ ಪ್ರಶ್ನೆಗೆ ಒಂಬತ್ತನೇ ಒಂದು ಅಂಕದ ಲಾಭ. ಹಾಗಾಗಿ ನಿಯಮ ಸುಲಭ: ಒಂದಾದರೂ ಹೋದರೆ ಒತ್ತು, ಇಲ್ಲದಿದ್ದರೆ ಬಿಡು. ಕಾಲು ಅಂಕದ ಲೆಕ್ಕದಲ್ಲಿ ಕಣ್ಣುಮುಚ್ಚಿ ಒತ್ತುವುದೂ ಲಾಭವೇ ಆಗಿಬಿಡುತ್ತದೆ, ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ.

ಒಳ್ಳೆಯ ವಿವರಣೆಗಳು ನಿಜಕ್ಕೂ ಒಳ್ಳೆಯವು. ಓಬಿಜಿಯ (ಹೆರಿಗೆ, ಸ್ತ್ರೀರೋಗ) ಒಂದು ಪ್ರಶ್ನೆ: ಎಕ್ಲಾಂಪ್ಸಿಯಾ (ಗರ್ಭಿಣಿಗೆ ಬರುವ ಫಿಟ್ಸ್), ಮ್ಯಾಗ್‌ಸಲ್ಫ್ (ಮೆಗ್ನೀಷಿಯಂ ಸಲ್ಫೇಟ್) ಮೊದಲ ದೊಡ್ಡ ಡೋಸ್, ಅಂದರೆ ಲೋಡಿಂಗ್, ಆಗಿದೆ, ನಾಲ್ಕು ಗಂಟೆಯ ನಂತರದ 5 ಗ್ರಾಂ ಐಎಂ (ಸ್ನಾಯುವಿಗೆ ಚುಚ್ಚುವ) ಡೋಸ್‌ಗೆ ಹೊತ್ತಾಗಿದೆ. ಉಸಿರಾಟ 18, ಮೂತ್ರ ಗಂಟೆಗೆ 40 ಮಿ.ಲೀ., ತಟ್ಟಿದರೆ ಮೊಣಕಾಲಿನ ಜರ್ಕ್ ಬರುತ್ತಿಲ್ಲ. ನರ್ಸ್ ಮೊದಲು ಏನು ಮಾಡಬೇಕು? ವಾರ್ಡಿನ ಅವಸರ ರೂಢಿಯಾದವರು ಉಸಿರಾಟ ನೋಡಿ ‘ಡೋಸ್ ಕೊಡಿ’ ಒತ್ತುತ್ತಾರೆ. ಗೈಡ್ ಬಾಯಿಪಾಠ ಮಾಡಿದವರು ಮೆಗ್ನೀಷಿಯಂಗೆ ಪ್ರತಿಮದ್ದಾದ ‘ಕ್ಯಾಲ್ಸಿಯಂ ಗ್ಲುಕೋನೇಟ್’ ಒತ್ತುತ್ತಾರೆ. ಸರಿಯುತ್ತರ, ಡೋಸ್ ತಡೆದು ಡಾಕ್ಟರಿಗೆ ತಿಳಿಸುವುದು. ಇಲ್ಲಿನ ವಿವರಣೆ ನಾಲ್ಕೂ ಆಯ್ಕೆಗಳನ್ನು ಒಂದೊಂದಾಗಿ ಹಿಡಿದು ಮಾತಾಡುತ್ತದೆ: ಮೆಗ್ನೀಷಿಯಂ ಏರುವಾಗ ಮೊದಲು ಹೋಗುವುದು ಜರ್ಕ್, ಉಸಿರಾಟ ಕುಸಿಯುವುದು ಆಮೇಲೆ, ಕೊನೆಗೆ ಹೃದಯ, ಅದು ದೇಹದಿಂದ ಹೊರಹೋಗುವುದು ಮೂತ್ರದಲ್ಲಿ, ಅದಕ್ಕೇ ಗಂಟೆಗೆ 30 ಮಿ.ಲೀ. ಎಂಬ ಗೆರೆ, 10 ಪರ್ಸೆಂಟ್ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ಹಾಸಿಗೆ ಪಕ್ಕ ಸಿದ್ಧವಿರಬೇಕು, ಉಸಿರಾಟ ಕುಸಿದರೆ ನಿಧಾನವಾಗಿ ರಕ್ತನಾಳಕ್ಕೆ (ಐವಿ). ಒಂದು ಪ್ರಶ್ನೆ ತಪ್ಪು ಮಾಡಿದರೆ ನಾಲ್ಕು ಪ್ರಶ್ನೆ ಕಲಿತಂತೆ. ಬರ್ನ್ಸ್‌ನಲ್ಲೂ ಹಾಗೆಯೇ. 60 ಕೆ.ಜಿ., ಶೇ. 30 ಸುಟ್ಟಿದೆ, ಪಾರ್ಕ್‌ಲ್ಯಾಂಡ್ ಪ್ರಕಾರ 24 ಗಂಟೆಗೆ ಕೊಡುವ ಡ್ರಿಪ್ 7200 ಮಿ.ಲೀ. ಇದನ್ನು ಎಲ್ಲರೂ ಮಾಡುತ್ತಾರೆ. ಎಡವುವುದು ಮುಂದೆ: ಮೊದಲ ಎಂಟು ಗಂಟೆ ಎಣಿಸುವುದು ಸುಟ್ಟ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. ಎರಡು ಗಂಟೆ ತಡವಾಗಿ ಬಂದಿದ್ದರೆ ಆ ಎಂಟು ಗಂಟೆಯ ಪಾಲಾದ ಅರ್ಧ, ಅಂದರೆ 3600 ಮಿ.ಲೀ., ಆರು ಗಂಟೆಯಲ್ಲೇ ಹೋಗಬೇಕು, ಗಂಟೆಗೆ 600.

ಇನ್ನು ನನ್ನ ಎರಡು ಸ್ಟಾರ್ ತಿಂದದ್ದು ಏನು ಅಂದರೆ, ಈ ವಿವರಣೆಗಳಲ್ಲಿ ಯಾವುದಕ್ಕೂ ತಾರೀಖಿಲ್ಲ. ಯಾವ ವರ್ಷದ ಮಾರ್ಗಸೂಚಿ ನೋಡಿ ಬರೆದದ್ದು ಅಂತ ಒಂದು ಸಾಲೂ ಇಲ್ಲ. ಅನಾಟಮಿಯಲ್ಲಿ ಪರವಾಗಿಲ್ಲ, ಫೀಮರ್ ಎಲ್ಲೂ ಹೋಗುವುದಿಲ್ಲ. ಕಮ್ಯುನಿಟಿ ಹೆಲ್ತ್‌ನಲ್ಲಿ ಇದು ಅನಾಹುತ. ಭಾಗಶಃ ಡೋಸ್ ಐಪಿವಿ (ಪೋಲಿಯೊ ಚುಚ್ಚುಮದ್ದು) ಎಷ್ಟು ಸಲ? ಒಂದು ಬ್ಲಾಕ್‌ನಲ್ಲಿ ಉತ್ತರ ‘ಎರಡು, 6 ಮತ್ತು 14 ವಾರ’. ಇನ್ನೊಂದರಲ್ಲಿ ‘ಮೂರು’. 2023ರ ಜನವರಿಯಿಂದ 9 ತಿಂಗಳಿಗೆ ಮೂರನೆಯದು ಸೇರಿದೆ, ಹಾಗಾಗಿ ‘ಮೂರು’ ಎಂಬುದೇ ಸರಿ. ಆದರೆ ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ಎರಡನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಬರೆದಿದ್ದರು. ಗರ್ಭಿಣಿಗೆ ಒಂದು ಕಡೆ ಹಳೆಯ ಟಿಟಿ (ಧನುರ್ವಾಯು ಲಸಿಕೆ), ಇನ್ನೊಂದು ಕಡೆ ಅದರ ಬದಲಿಗೆ ಬಂದ ಟಿಡಿ.

ಬಯೋಮೆಡಿಕಲ್ ವೇಸ್ಟ್ (ಆಸ್ಪತ್ರೆಯ ಕಸ) ವಿಭಾಗ ಹಳೇ ಸಂತೆ. ಅವಧಿ ಮೀರಿದ ಮಾತ್ರೆ ಕಪ್ಪು ಚೀಲಕ್ಕೆ ಎನ್ನುವ ಉತ್ತರ 1998ರ ನಿಯಮದ್ದು. 2016ರ ನಿಯಮದಲ್ಲಿ ಕಪ್ಪು ಚೀಲವೇ ಇಲ್ಲ. ಮಾತ್ರೆ ಹಳದಿಗೆ, ಐವಿ ಸೆಟ್, ಯೂರಿನ್ ಬ್ಯಾಗ್, ಗ್ಲವ್ಸ್ ಕೆಂಪಿಗೆ, ಸೂಜಿ ಬ್ಲೇಡು ಬಿಳಿ ಡಬ್ಬಿಗೆ, ಒಡೆದ ಆಂಪ್ಯೂಲ್ ನೀಲಿಗೆ. ರಕ್ತದ ಚೀಲ ಪ್ಲಾಸ್ಟಿಕ್ ಆದರೂ ಹಳದಿಗೇ. ಅದನ್ನು ಕೆಂಪಿಗೆ ಹಾಕಿ ಅಂಕ ಕಳೆದುಕೊಳ್ಳುವವರು ಬಹಳ. ಟಿಬಿಯಲ್ಲಿ ಸ್ಟ್ರೆಪ್ಟೊಮೈಸಿನ್ ಸೇರಿದ ಕೆಟಗರಿ 2 ಎಂಬ ಕೈಬಿಟ್ಟ ಚಿಕಿತ್ಸಾಕ್ರಮ ಇನ್ನೂ ಜೀವಂತವಾಗಿದೆ, ಕಾರ್ಯಕ್ರಮದ ಹೆಸರೂ ಹಳೆಯದೇ. ಅದು 2020ರಲ್ಲೇ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮ, ಅಂದರೆ ಎನ್‌ಟಿಇಪಿ ಆಗಿದೆ. ಗರ್ಭಪಾತದ ಕಾನೂನಿನಲ್ಲಿ 12 ವಾರ, 20 ವಾರ ಅಂತ ಪಾಠ ಹೇಳುತ್ತಾರೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಕೆಲವು ವರ್ಗದ ಮಹಿಳೆಯರಿಗೆ 20ರಿಂದ 24ಕ್ಕೆ ಇಬ್ಬರದು. ನಿಮ್ಹಾನ್ಸ್ ಕಡೆ ಕಣ್ಣಿಟ್ಟವರು ಸೈಕಿಯಾಟ್ರಿಕ್ ವಿಭಾಗವನ್ನು ಇನ್ನೂ ಹುಷಾರಾಗಿ ನೋಡಿ: ಅರ್ಧ ಪ್ರಶ್ನೆ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿವೆ, ಅರ್ಧ 2017ರದ್ದರಲ್ಲಿ. ಶಿಶುವಿನ ಸಿಪಿಆರ್‌ಗೆ ಎರಡು ಬೆರಳು ಎಂಬ ಉತ್ತರ ಈಗಲೂ ಇದೆ, 2025ರ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಾರ್ಗಸೂಚಿ ಅದನ್ನು ಕೈಬಿಟ್ಟ ಮೇಲೂ.

ಲೆಕ್ಕದ ಪ್ರಶ್ನೆಗಳಲ್ಲಿ ಇದೇ ರೋಗದ ಇನ್ನೊಂದು ರೂಪ. ಅಮೆರಿಕದ ಪುಸ್ತಕದಿಂದ ಎತ್ತಿದ್ದು ಅಂತ ಹನಿಯಲ್ಲೇ ಗೊತ್ತಾಗುತ್ತದೆ. 500 ಮಿ.ಲೀ. ನಾಲ್ಕು ಗಂಟೆಯಲ್ಲಿ, ನಿಮಿಷಕ್ಕೆ ಎಷ್ಟು ಹನಿ? ಡ್ರಾಪ್ ಫ್ಯಾಕ್ಟರ್, ಅಂದರೆ ಮಿ.ಲೀ.ಗೆ ಎಷ್ಟು ಹನಿ ಅಂತ, ಕೊಟ್ಟಿಲ್ಲ. ನಮ್ಮ ವಾರ್ಡುಗಳ ಮ್ಯಾಕ್ರೋ ಸೆಟ್ ಮಿ.ಲೀ.ಗೆ 20 ಹನಿ, ಉತ್ತರ 42. ಆ್ಯಪ್ 15 ಹಿಡಿದು 31 ಅನ್ನುತ್ತದೆ, ಆಯ್ಕೆಗಳಲ್ಲಿ ಎರಡೂ ಇವೆ! ಮೈಕ್ರೋ ಸೆಟ್‌ನಲ್ಲಿ ಈ ಜಗಳವಿಲ್ಲ, 60 ಹನಿ ಆದ್ದರಿಂದ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ. ಡೋಪಮಿನ್ (ಬಿಪಿ ಏರಿಸುವ ಔಷಧ) ಲೆಕ್ಕಗಳು ಮಾತ್ರ ಚೊಕ್ಕ: 250 ಮಿ.ಲೀ.ಯಲ್ಲಿ 400 ಮಿ.ಗ್ರಾಂ, ಅಂದರೆ ಮಿ.ಲೀ.ಗೆ 1600 ಮೈಕ್ರೋಗ್ರಾಂ, 64 ಕೆ.ಜಿ. ರೋಗಿಗೆ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ ದರದಲ್ಲಿ ಗಂಟೆಗೆ 19,200; ಭಾಗಿಸಿದರೆ 12 ಮಿ.ಲೀ. 60ರಿಂದ ಗುಣಿಸುವುದನ್ನು ಮರೆತವರಿಗಾಗಿ 0.2 ಎಂಬ ಆಯ್ಕೆಯನ್ನು ಬೇಕೆಂದೇ ಇಟ್ಟಿದ್ದಾರೆ. ಪ್ರಶ್ನೆ ತೆಗೆಯುವವರಲ್ಲಿ ಯಾರೋ ಒಬ್ಬರಿಗೆ ಕೆಲಸ ಗೊತ್ತು.

ಚಿತ್ರದ ಪ್ರಶ್ನೆಗಳ ಬಗ್ಗೆ ನಗಬೇಕೋ ಅಳಬೇಕೋ ತಿಳಿಯದು. ಕ್ಯಾನುಲಾದ (ಡ್ರಿಪ್ ಹಾಕುವ ಕೊಳವೆ) ಬಣ್ಣ ನೋಡಿ ಗೇಜ್, ಅಂದರೆ ಗಾತ್ರ, ಹೇಳಿ ಅನ್ನುತ್ತಾರೆ, ಚಿತ್ರ ಕಪ್ಪುಬಿಳುಪು ಸ್ಕ್ಯಾನ್. ಬಣ್ಣದಲ್ಲೇ ತಾನೇ ಗೊಂದಲ: ಹಸಿರು ಎಂದರೆ ಕ್ಯಾನುಲಾದಲ್ಲಿ 18 ಗೇಜ್, ಕಫ ಎಳೆಯುವ ಸಕ್ಷನ್ ಕ್ಯಾಥೆಟರ್‌ನಲ್ಲಿ 14 ಫ್ರೆಂಚ್. ಕಿತ್ತಳೆ ಕ್ಯಾನುಲಾದಲ್ಲಿ 14, ಕ್ಯಾಥೆಟರ್‌ನಲ್ಲಿ 16. ಡ್ಯೂಟಿಯಲ್ಲಿರುವವರು ಟ್ರಾಲಿಯ ಮುಂದೆ ನಿಂತು ಎರಡು ನಿಮಿಷ ನೋಡಿದರೆ ಆ್ಯಪ್‌ಗಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ತಾರೀಖಿನ ರೋಗಕ್ಕೆ ಕಂಡುಕೊಂಡ ಮದ್ದು 200 ಪುಟದ ಒಂದು ನೋಟ್‌ಬುಕ್. ಕೊನೆಯ ಹತ್ತು ಪುಟ ‘ಬದಲಾದವು’ಗಳಿಗೆ ಮೀಸಲು. ಎಡಗಡೆ ಹಳೆಯದು, ಬಲಗಡೆ ಹೊಸದು, ಪಕ್ಕದಲ್ಲಿ ವರ್ಷ. ಲಸಿಕೆ, ಟಿಬಿ, ವೇಸ್ಟ್, ಸಿಪಿಆರ್, ಕಾಯ್ದೆಗಳು, ಇಷ್ಟೇ ಐದು ತಲೆಬರಹ. ಆ್ಯಪ್ ಈ ಐದರಲ್ಲಿ ‘ತಪ್ಪು’ ಅಂದಾಗಲೆಲ್ಲ ಮೊದಲು ಈ ಪುಟ ನೋಡುವುದು, ಆಮೇಲೆ ಬೇಸರ ಮಾಡಿಕೊಳ್ಳುವುದು. ಉಳಿದ ಪುಟಗಳಿಗೆ ತಪ್ಪಾದ ಪ್ರಶ್ನೆ ಪೂರ್ತಿ ಬರೆಯಬೇಡಿ, ಎಡವಿದ ಕಾರಣ ಒಂದು ಸಾಲು ಸಾಕು: ‘ಜರ್ಕ್ ಮೊದಲು, ಉಸಿರು ಆಮೇಲೆ’.

ದುಡ್ಡಿನ ಮಾತು. ವರ್ಷದ ಚಂದಾ ನಾರ್ಸೆಟ್ ಅರ್ಜಿ ಶುಲ್ಕಕ್ಕಿಂತ ಕಡಿಮೆಯೇ. ಆ ಶುಲ್ಕ ಜನರಲ್ ಮತ್ತು ಒಬಿಸಿಗೆ 3000, ಎಸ್‌ಸಿ, ಎಸ್‌ಟಿ, ಇಡಬ್ಲ್ಯುಎಸ್‌ಗೆ 2400. ಒಂದು ಸಲ ಅರ್ಜಿ ಹಾಕುವ ದುಡ್ಡಿನಲ್ಲಿ ವರ್ಷವಿಡೀ ಬ್ಲಾಕ್ ಮಾಡಬಹುದು ಅಂದರೆ ದುಬಾರಿ ಅಲ್ಲ. ಆದರೂ ವರ್ಷದ್ದು ತೆಗೆದುಕೊಳ್ಳಬೇಡಿ, ಪರೀಕ್ಷೆಗೆ ಮುಂಚಿನ ಮೂರು ತಿಂಗಳಿನದು ಸಾಕು. ಬಿಎಸ್ಸಿ ಮೂರನೇ ವರ್ಷದಲ್ಲಿರುವವರಿಗೆ ಖಂಡಿತ ಬೇಡ. ಹಳೆಯದು ಯಾವುದು ಹೊಸದು ಯಾವುದು ಅಂತ ವಾಸನೆ ಹಿಡಿಯುವಷ್ಟು ಓದಿದವರಿಗೆ ಮಾತ್ರ ಇದು ಲಾಭ.

‘ದೋಷ ತಿಳಿಸಿ’ ಗುಂಡಿ ಕೆಲಸ ಮಾಡುತ್ತದೆ, ನಿಧಾನವಾಗಿ. 14 ತಪ್ಪು ಕಳಿಸಿದೆ, ಮೂರು ತಿದ್ದಿದ್ದಾರೆ, ಐಪಿವಿಯೂ ಅದರಲ್ಲಿ ಸೇರಿದೆ. ತಿದ್ದಿದ್ದಕ್ಕೂ ತಾರೀಖು ಹಾಕಿಲ್ಲ. ಹಸಿರು ಕ್ಯಾನುಲಾ ಇವತ್ತು ಬೆಳಗಿನ ಬ್ಲಾಕ್‌ನಲ್ಲೂ ಬೂದು ಬಣ್ಣದಲ್ಲೇ ಬಂತು. ಬೂದು ಅಂದರೆ 16 ಗೇಜ್. ಅದನ್ನೇ ಒತ್ತಿದರೆ ಮೂರನೇ ಒಂದು ಅಂಕ ಹೋಗುತ್ತದೆ.