ಡಾಗ್ ಪಾರ್ಕಿಗೆ ಮರಿ ಬಿಡುವ ಮುಂಚೆ ಇದನ್ನೊಂದು ಓದಿ

ಹೊಸದಾಗಿ ಮರಿ ತಂದು, ಬೇರೆ ನಾಯಿಗಳ ಜೊತೆ ಬೆರೆಯೋದು ಕಲೀಲಿ ಅಂತ ಡಾಗ್ ಪಾರ್ಕಿಗೆ, ಅಂದರೆ ನಾಯಿಗಳನ್ನು ಹಗ್ಗ ಬಿಚ್ಚಿ ಬಿಡುವ ಬೇಲಿ ಹಾಕಿದ ಜಾಗಕ್ಕೆ, ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೇ ಹೊರಟವನು. ಒಂದು ತಿಂಗಳಲ್ಲಿ ಎಂಟೋ ಒಂಬತ್ತೋ ಸಲ ಹೋಗಿರಬಹುದು, ಅಷ್ಟೇ. ಅಲ್ಲಿ ಕೆಟ್ಟದ್ದನ್ನು ಸರಿಮಾಡಲು ಒಂದು ವರ್ಷದ ಮೇಲಾಯಿತು, ಇನ್ನೂ ಪೂರ್ತಿ ಸರಿಹೋಗಿಲ್ಲ.

ನಮ್ಮ ಚುಕ್ಕಿಗೆ ಆಗ ಐದೂವರೆ ತಿಂಗಳು, ತೂಕ ಎಂಟು ಕೆಜಿ. ಲಸಿಕೆ ಎಲ್ಲ ಮುಗಿದಿತ್ತು, ಆ ಒಂದು ವಿಷಯದಲ್ಲಿ ನಾನು ಆತುರ ಮಾಡಿರಲಿಲ್ಲ. ಮನೆಯಲ್ಲಿ ಸಿಕ್ಕಾಪಟ್ಟೆ ತರಲೆ, ಹೊರಗೆ ಹೋದರೆ ಅಂಜುಬುರುಕಿ. ದೂರದಲ್ಲಿ ನಾಯಿ ಕಂಡರೆ ಸಾಕು, ನನ್ನ ಕಾಲಿನ ಹಿಂದೆ ನಿಂತು ಇಣುಕುತ್ತಿದ್ದಳು. ಅಂಜಿಕೆ ಹೋಗಬೇಕಾದರೆ ನಾಯಿಗಳ ಮಧ್ಯೆ ಬಿಡಬೇಕು ಅಂತ ಒಬ್ಬರಲ್ಲ, ಹತ್ತು ಜನ ಹೇಳಿದರು. ಕೇಳಲಿಕ್ಕೆ ಸರಿಯಾಗೇ ಇದೆ ಅಲ್ವಾ? ಈಜು ಬರದವನನ್ನು ಬಾವಿಗೆ ತಳ್ಳಿದರೆ ತಾನೇ ಕಲಿತುಕೊಳ್ಳುತ್ತಾನೆ ಅನ್ನುವ ಲೆಕ್ಕ ಇದು ಅಂತ ನನಗೆ ಆಗ ಹೊಳೆಯಲಿಲ್ಲ.

ಮೊದಲ ದಿನವೇ ಗೇಟಿನಲ್ಲಿ ಗೊತ್ತಾಗಬೇಕಿತ್ತು. ಎರಡು ಗೇಟು, ನಡುವೆ ಒಂದಿಷ್ಟು ಜಾಗ. ಒಳಗಿನ ಗೇಟಿನ ಚಿಲಕ ಸದ್ದು ಮಾಡಿದ್ದೇ ತಡ, ಒಳಗಿದ್ದ ಆರೇಳು ನಾಯಿಗಳು ಓಡಿ ಬಂದು ಮುತ್ತಿಕೊಂಡವು. ಓಹೋ, ಎಷ್ಟು ಪ್ರೀತಿಯಿಂದ ಕರೆಯುತ್ತಿವೆ ಅಂದುಕೊಂಡೆ. ಚುಕ್ಕಿಯ ಬಾಲ ಹೊಟ್ಟೆಗೆ ಅಂಟಿತ್ತು. ಕಿವಿ ಹಿಂದಕ್ಕೆ ಹೋಗಿತ್ತು. ಎದುರಿಗೆ ತಿನ್ನಲು ಏನೂ ಇಲ್ಲದಿದ್ದರೂ ನಾಲಿಗೆ ಹೊರಗೆ ಹಾಕಿ ಮೂಗು ನೆಕ್ಕಿಕೊಳ್ಳುತ್ತಿದ್ದಳು, ಮುಂಗಾಲು ಒಂದನ್ನು ಎತ್ತಿ ಹಾಗೇ ನಿಂತಿದ್ದಳು. "ನೋಡಿ, ಶೇಕ್ ಹ್ಯಾಂಡ್ ಕೊಡ್ತಾ ಇದ್ದಾಳೆ" ಅಂತ ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ನಾಯಿ ಹೆದರಿದಾಗ ತೋರಿಸುವ ಸೂಚನೆಗಳು ಒಂದೊಂದಾಗಿ ನನ್ನ ಕಣ್ಣೆದುರೇ ಇದ್ದವು. ಓದಲು ನನಗೆ ಬರುತ್ತಿರಲಿಲ್ಲ ಅಷ್ಟೇ.

ಗೇಟೇ ಪಾರ್ಕಿನ ಅತಿ ಕೆಟ್ಟ ಜಾಗ ಅಂತ ಆಮೇಲೆ ತಿಳಿಯಿತು. ಜಾಗ ಇಕ್ಕಟ್ಟು, ಬಂದವನು ಹೊಸಬ, ಓಡಿಹೋಗೋಣ ಅಂದರೆ ದಾರಿ ಇಲ್ಲ, ಮೇಲಿಂದ ಕೊರಳಲ್ಲಿ ಬಿಗಿಯಾಗಿ ಎಳೆದ ಹಗ್ಗ. ಹೊಸ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಏಳು ಜನ ಅಪರಿಚಿತರು ಸುತ್ತುವರಿದು ಮೈ ಮೂಸಿದರೆ ನಮಗೆ ಹೇಗಾಗುತ್ತೆ, ಹಾಗೆ.

ಆದರೂ ಹೋದೆವು. ಮೂರನೆಯ ಸಲಕ್ಕೆ ಅವಳು ಓಡಲು ಶುರುಮಾಡಿದಳು, ಹಿಂದೆ ಎರಡು ಮೂರು ನಾಯಿ. ನನಗೆ ಖುಷಿಯೋ ಖುಷಿ, ವಿಡಿಯೋ ಮಾಡಿ ಮನೆಯವರಿಗೆಲ್ಲ ಕಳಿಸಿದೆ, "ಚುಕ್ಕಿ ಫ್ರೆಂಡ್ಸ್ ಮಾಡ್ಕೊಂಡ್ಲು" ಅಂತ. ಆ ವಿಡಿಯೋ ಈಗಲೂ ಫೋನಿನಲ್ಲಿದೆ. ನಲವತ್ತು ಸೆಕೆಂಡು. ಎಲ್ಲ ಮುಗಿದ ಮೇಲೆ ಒಬ್ಬ ತರಬೇತುದಾರರು ಅದನ್ನು ಪಕ್ಕದಲ್ಲಿ ಕೂತು ನಿಧಾನಕ್ಕೆ ಓಡಿಸಿ ತೋರಿಸಿದರು. ನಲವತ್ತು ಸೆಕೆಂಡಿನಲ್ಲಿ ಒಂದು ಸಲವೂ ಚುಕ್ಕಿ ಬೇರೆ ನಾಯಿಯನ್ನು ಅಟ್ಟಿಸಿಕೊಂಡು ಹೋಗಿಲ್ಲ, ಬರೀ ಓಡುತ್ತಿದ್ದಾಳೆ. ಬಾಯಿ ಬಿಗಿಯಾಗಿ ಮುಚ್ಚಿದೆ. ಬೆಂಚಿನ ಕೆಳಗೆ ನುಗ್ಗುತ್ತಾಳೆ, ಅಲ್ಲಿಂದಲೂ ಅವು ಹೊರಗೆ ಹಾಕುತ್ತವೆ. ಮೂರು ಸಲ ನೇರವಾಗಿ ಕ್ಯಾಮೆರಾ ಕಡೆಗೆ, ಅಂದರೆ ನನ್ನ ಕಡೆಗೆ, ನೋಡುತ್ತಾಳೆ. ಹಿಂದೆ ನಾನು ನಗುತ್ತಿರುವುದು ಕೇಳಿಸುತ್ತೆ.

ನಿಜವಾದ ಆಟ ಹೇಗಿರುತ್ತೆ ಅಂತ ಅವರೇ ಹೇಳಿಕೊಟ್ಟರು. ಮುಂಗಾಲು ಚಾಚಿ, ಎದೆ ನೆಲಕ್ಕೆ ಇಳಿಸಿ, ಹಿಂಭಾಗ ಮೇಲೆತ್ತಿ ಒಂದು ಭಂಗಿ ಮಾಡುತ್ತವಲ್ಲ, ಅದು ಆಟಕ್ಕೆ ಕರೆ. ಆಮೇಲೆ ಸರದಿ ಬದಲಾಗುತ್ತಿರಬೇಕು, ಓಡಿಸಿದವನು ಓಡಬೇಕು, ಕೆಳಗೆ ಬಿದ್ದವನು ಮೇಲೆ ಬರಬೇಕು. ನಡುನಡುವೆ ಎರಡೂ ನಿಂತು ಮೈ ಕೊಡವಿಕೊಳ್ಳಬೇಕು. ದೊಡ್ಡ ನಾಯಿಗೆ ಆಟ ಬರುತ್ತೆ ಅಂದರೆ ಅದು ಸಣ್ಣದರ ಜೊತೆ ಬೇಕಂತಲೇ ಸೋಲುತ್ತೆ, ಅಂಗಾತ ಬೀಳುತ್ತೆ. ಅನುಮಾನ ಇದ್ದರೆ ಅಟ್ಟಿಸುತ್ತಿರುವ ನಾಯಿಯನ್ನು ಒಂದು ಕ್ಷಣ ಹಿಡಿದುಕೊಳ್ಳಿ. ಓಡುತ್ತಿದ್ದದ್ದು ವಾಪಸ್ ಬಂದು "ಯಾಕೆ ನಿಲ್ಲಿಸಿದಿರಿ" ಅನ್ನೋ ಹಾಗೆ ಕುಣಿದರೆ ಅದು ಆಟ. ದೂರ ಹೋಗಿ ಮೂಲೆ ಸೇರಿದರೆ ಅಲ್ಲ. ಎರಡು ಸೆಕೆಂಡಿನ ಪರೀಕ್ಷೆ ಇದು, ನನಗೆ ಆಗ ಯಾರೂ ಹೇಳಿರಲಿಲ್ಲ. ಬಾಲ ಅಲ್ಲಾಡಿಸೋದು ಖುಷಿಗೇ ಅನ್ನೋದೂ ತಪ್ಪು. ಮೈ ಸೆಟೆದುಕೊಂಡು, ಬಾಲ ಮೇಲೆತ್ತಿ ತುದಿ ಮಾತ್ರ ಪಟಪಟ ಅಂತಿದ್ದರೆ ಅದು ಎಚ್ಚರದಲ್ಲಿರಬೇಕಾದ ಸಮಯ.

ಆ ದಿನದ ವಿಷಯಕ್ಕೆ ಬರುತ್ತೇನೆ. ಸಂಜೆ, ಪಾರ್ಕಿನಲ್ಲಿ ಜಾಸ್ತಿ ಜನ. ಒಂದು ದೊಡ್ಡ ನಾಯಿ, ಮೂವತ್ತೈದು ಕೆಜಿಗೆ ಕಡಿಮೆ ಇರಲಿಕ್ಕಿಲ್ಲ, ಅವತ್ತೇ ಮೊದಲ ಸಲ ಬಂದಿತ್ತು. ಅದರ ಮಾಲೀಕರು ಬೇಲಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದರು. ಯಾರೋ ಚೆಂಡು ತಂದಿದ್ದರು (ಪಾರ್ಕಿಗೆ ಚೆಂಡು, ತಿಂಡಿ ತರುವವರ ಬಗ್ಗೆ ಇನ್ನೊಂದು ಬರಹ ಬರೆಯಬೇಕು). ಚೆಂಡು ಚುಕ್ಕಿಯ ಹತ್ತಿರ ಉರುಳಿತು, ಅವಳು ಮೂಸಲು ತಲೆ ತಗ್ಗಿಸಿದಳು. ಆ ನಾಯಿ ಬಂದ ರಭಸಕ್ಕೆ ಅವಳು ಪಲ್ಟಿ ಹೊಡೆದು ಕಿರುಚಿದಳು. ಆ ಕಿರುಚಾಟಕ್ಕೆ ಅದರ ಮುಖವೇ ಬದಲಾಯಿತು. ಗುರ್ ಅನ್ನಲಿಲ್ಲ, ಬೊಗಳಲಿಲ್ಲ. ಸೊಂಟದ ಮೇಲೆ ಕಚ್ಚಿ ಹಿಡಿದು, ಚಿಂದಿ ಬಟ್ಟೆ ಕೊಡವಿದ ಹಾಗೆ ಕೊಡವಿತು. ಸಣ್ಣದು ಕೀಚಲು ದನಿಯಲ್ಲಿ ಕಿರುಚುತ್ತಾ ಓಡಿದರೆ ದೊಡ್ಡ ನಾಯಿಗೆ ಅದು ನಾಯಿ ಅನ್ನೋದು ಮರೆತು ಬೇಟೆ ಅನಿಸಿಬಿಡಬಹುದಂತೆ. ಅದು ಕೆಟ್ಟ ನಾಯಿ ಆಗಿರಬೇಕಾಗಿಲ್ಲ. ಅದಕ್ಕೇ ಸಣ್ಣ ನಾಯಿಗೆ ಬೇರೆ ಆವರಣ ಇಲ್ಲದ ಪಾರ್ಕಿಗೆ ಹೋಗಲೇಬೇಡಿ.

ನಾನು ಓಡಿಹೋಗಿ ಕೈ ಹಾಕಿದೆ. ಕೊರಳಪಟ್ಟಿಗೆ. ತಪ್ಪು, ದೊಡ್ಡ ತಪ್ಪು, ಎರಡು ನಾಯಿಯ ಬಾಯಿ ಇರುವ ಕಡೆಗೇ ನನ್ನ ಬೆರಳು ಕೊಟ್ಟ ಹಾಗೆ. ಯಾವುದು ಕಚ್ಚಿತೋ ಗೊತ್ತಿಲ್ಲ, ಹೆಬ್ಬೆರಳಿನ ಬುಡ ಹರಿಯಿತು. ಬಿಡಿಸಬೇಕಾದರೆ ಜೋರು ಸದ್ದು ಮಾಡಬೇಕು, ನೀರು ಸುರಿಯಬೇಕು, ಜಾಕೆಟ್ಟೋ ಬೆಡ್‌ಶೀಟೋ ತಲೆ ಮೇಲೆ ಎಸೆಯಬೇಕು. ಅದೂ ಆಗದಿದ್ದರೆ ಇಬ್ಬರು ಒಂದೇ ಸಲಕ್ಕೆ ಒಂದೊಂದು ನಾಯಿಯ ಹಿಂಗಾಲು ಎತ್ತಿ, ತಳ್ಳುಗಾಡಿ ಹಿಂದಕ್ಕೆ ಎಳೆದ ಹಾಗೆ ಎಳೆಯಬೇಕು. ಕಚ್ಚಿ ಹಿಡಿದಿರುವಾಗ ಎಳೆದರೆ ಮಾತ್ರ ಚರ್ಮವೇ ಕಿತ್ತು ಬರುತ್ತೆ, ಬಾಯಿ ಸಡಿಲ ಆಗುವವರೆಗೆ ಕಾಯಬೇಕು. ಇದೆಲ್ಲ ನನಗೆ ಈಗ ಗೊತ್ತು.

ಬಿಡಿಸಿದ ಮೇಲೆ ಮಾಲೀಕರು ಹೇಳಿದ್ದು, "ಅದು ಆಟ ಆಡೋಕೆ ಬಂದಿದ್ದು ಸರ್, ನಿಮ್ಮದು ಕಿರುಚಿದ್ದಕ್ಕೆ ಹಾಗಾಯ್ತು." ಇನ್ನೊಬ್ಬರು, "ಅವೇ ಸರಿ ಮಾಡ್ಕೊಳ್ತವೆ ಬಿಡಿ." ನಾನು ಚುಕ್ಕಿಯ ಮೈ ತಡವಿ ನೋಡುವಷ್ಟರಲ್ಲಿ ಆ ಮಾಲೀಕರು ನಾಯಿ ಸಮೇತ ಹೊರಟೇಹೋಗಿದ್ದರು. ಹೆಸರಿಲ್ಲ, ನಂಬರಿಲ್ಲ, ಆ ನಾಯಿಗೆ ರೇಬೀಸ್ ಲಸಿಕೆ ಆಗಿದೆಯಾ ಅಂತ ಕೇಳಲೂ ಆಗಲಿಲ್ಲ. ನಿಮಗೆ ಹೀಗಾದರೆ ಪಕ್ಕದಲ್ಲಿದ್ದವರಿಗೆ ಕೂಗಿ ಹೇಳಿ, ಅವರ ಫೋಟೋ ತೆಗೆಯಿರಿ ಅಂತ. ಮುಜುಗರ ಪಡಬೇಡಿ.

ನನ್ನ ಕೈಯನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿಸಿದೆ. ಇದರಲ್ಲಿ ನಾಳೆ ನೋಡೋಣ ಅನ್ನೋದು ಬೇಡ, ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಇಷ್ಟು ತಿಳಿದವನು ಚುಕ್ಕಿಯ ವಿಷಯದಲ್ಲಿ ಮಾತ್ರ ದಡ್ಡನಾದೆ. ಅವಳ ಸೊಂಟದ ಮೇಲೆ ಎರಡೇ ಎರಡು ತೂತು, ಕಡಲೆಕಾಳಿನಷ್ಟು. ರಕ್ತವೂ ಹೆಚ್ಚು ಬರಲಿಲ್ಲ. ಒರೆಸಿ, ಮುಲಾಮು ಹಚ್ಚಿ ಮಲಗಿಸಿದೆ. ಮೂರನೆಯ ದಿನ ಬೆಳಿಗ್ಗೆ ಆ ಜಾಗ ಉಬ್ಬಿ ಬಿಸಿಯಾಗಿತ್ತು, ಏನೋ ವಾಸನೆ, ಅವಳು ಏಳಲೇ ಇಲ್ಲ.

ನಾಯಿಯ ಚರ್ಮ ನಮ್ಮ ಹಾಗೆ ಮಾಂಸಕ್ಕೆ ಬಿಗಿಯಾಗಿ ಅಂಟಿರೋದಿಲ್ಲ, ಸಡಿಲ. ಕೋರೆಹಲ್ಲು ಒಳಗೆ ಹೋಗಿ ಕೊಡವಿದಾಗ ಮೇಲೆ ಸಣ್ಣ ತೂತು ಕಾಣುತ್ತೆ, ಒಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡು ಒಂದು ಚೀಲವೇ ಆಗಿರುತ್ತೆ. ತೂತು ಬೇಗ ಮುಚ್ಚಿಕೊಳ್ಳುತ್ತೆ, ಬಾಯಿಯ ಕೊಳೆ ಒಳಗೇ ಉಳಿದು ಕೀವಾಗುತ್ತೆ. ವೈದ್ಯರು ಅರಿವಳಿಕೆ ಕೊಟ್ಟು, ಕೂದಲು ಬೋಳಿಸಿದ ಮೇಲೆ ನಾನು ನೋಡಿದ್ದು ನನ್ನ ಅಂಗೈ ಅಗಲದ ಕಪ್ಪು ನೀಲಿ ಜಾಗ. ತೊಳೆದು, ಕೀವು ಹರಿದುಹೋಗಲು ಸಣ್ಣ ರಬ್ಬರ್ ಕೊಳವೆ ಇಟ್ಟು ಹೊಲಿದರು. ನಾಲ್ಕು ದಿನ ಆ ಕೊಳವೆ, ಹನ್ನೆರಡು ದಿನ ಕೊರಳಿಗೆ ಬಕೆಟ್ಟಿನಂಥ ಕೋನು. ನಾಯಿ ಕಚ್ಚಿದ ನಾಯಿಯನ್ನು, ಗಾಯ ಎಷ್ಟೇ ಸಣ್ಣದಿರಲಿ, ಅದೇ ದಿನ ತೋರಿಸಿ.

ಗಾಯ ಮಾಗಿತು. ಅಸಲಿ ತೊಂದರೆ ಆಮೇಲೆ ಶುರುವಾಯಿತು. ಇಣುಕುತ್ತಿದ್ದ ಅಂಜುಬುರುಕಿ ಈಗ ರಸ್ತೆಯ ಆ ತುದಿಯಲ್ಲಿ ನಾಯಿ ಕಂಡರೂ ಹಗ್ಗ ಕಿತ್ತುಕೊಳ್ಳುವ ಹಾಗೆ ನುಗ್ಗಿ ಬೊಗಳತೊಡಗಿದಳು. ನೋಡಿದವರು ರೌಡಿ ನಾಯಿ ಅಂದರು. ಭಯವೇ ಅದು, ವೇಷ ಬೇರೆ. ಹೆದರಿ ನಿಂತಾಗ ಯಾರೂ ಬಿಡಿಸಲಿಲ್ಲ, ಇನ್ನು ಮೇಲೆ ನಾನೇ ಮೊದಲು ಓಡಿಸುತ್ತೇನೆ ಅನ್ನುವ ಲೆಕ್ಕಕ್ಕೆ ಅವಳು ಬಂದಿದ್ದಳು. ಆ ವಯಸ್ಸೂ ಹಾಗೇ, ಹರೆಯಕ್ಕೆ ಬರುವ ಹೊತ್ತಿನಲ್ಲಿ ಒಂದೇ ಒಂದು ಕೆಟ್ಟ ಅನುಭವ ಕಲ್ಲಿನ ಮೇಲೆ ಕೆತ್ತಿದ ಹಾಗೆ ಉಳಿದುಬಿಡಬಹುದು.

ನಾವೆಲ್ಲ 'ಸೋಷಿಯಲೈಸ್' ಅನ್ನುವ ಪದವನ್ನೇ ತಪ್ಪು ತಿಳಿದಿದ್ದೇವೆ ಅನಿಸುತ್ತೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅನ್ನುವ ವಿಜ್ಞಾನಿಗಳು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ, 1965ರಲ್ಲಿ ಅದನ್ನೆಲ್ಲ ಪ್ರಕಟಿಸಿದರು. ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುವುದು ಸುಮಾರು ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗೆ. ಆ ಬಾಗಿಲು ಆಮೇಲೆ ನಿಧಾನಕ್ಕೆ ಮುಚ್ಚುತ್ತೆ. ಅಷ್ಟರಲ್ಲಿ ಮರಿ ನೋಡಬೇಕಾದ್ದು ನಾಯಿಗಳನ್ನು ಮಾತ್ರ ಅಲ್ಲ. ಛತ್ರಿ, ಗಾಲಿಕುರ್ಚಿ, ಹೆಲ್ಮೆಟ್ ಹಾಕಿದವರು, ಕಿರುಚುವ ಮಕ್ಕಳು, ಮಿಕ್ಸಿ ಸದ್ದು, ಹೀಗೆ ಎಲ್ಲವನ್ನೂ ದೂರದಿಂದ ಆರಾಮಾಗಿ ನೋಡಿ "ಸರಿ, ಇರಲಿ" ಅಂದುಕೊಂಡರೆ ಆಯಿತು. ಎಲ್ಲರ ಮೇಲೂ ಬಿದ್ದು ಆಡಬೇಕಾಗಿಲ್ಲ. ನಾವೇನು ರಸ್ತೆಯಲ್ಲಿ ಸಿಕ್ಕವರನ್ನೆಲ್ಲ ತಬ್ಬಿಕೊಳ್ಳುತ್ತೇವಾ?

ನಾನು ಮಾಡಿದ್ದೇನು? ಲಸಿಕೆ ಮುಗಿಯಲಿ ಅಂತ ಆ ವಾರಗಳಲ್ಲೆಲ್ಲ ಅವಳನ್ನು ಮನೆಯೊಳಗೇ ಇಟ್ಟೆ. ಆಮೇಲೆ ನೇರ ತಂದು ಸಂತೆಯೊಳಗೆ ಬಿಟ್ಟೆ. ಎರಡೂ ತುದಿಯಲ್ಲೂ ತಪ್ಪು. ಪ್ರಾಣಿಗಳ ನಡವಳಿಕೆ ನೋಡುವ ಅಮೆರಿಕದ ಪಶುವೈದ್ಯರ ಸಂಘ 2008ರಲ್ಲೇ ಹೇಳಿದೆ, ಮೊದಲ ಲಸಿಕೆ ಆಗಿ ಕನಿಷ್ಠ ಏಳು ದಿನ ಕಳೆದಿದ್ದರೆ, ಹುಳದ ಔಷಧಿ ಆಗಿದ್ದರೆ, ಏಳೆಂಟು ವಾರಕ್ಕೇ ಮರಿಗಳ ತರಗತಿಗೆ ಸೇರಿಸಬಹುದು ಅಂತ. ತರಗತಿ ಅಂದರೆ ಶುಚಿಯಾದ ಜಾಗ, ಆರೋಗ್ಯವಾಗಿರುವ ಮರಿಗಳು, ಕಣ್ಣಿಟ್ಟು ನೋಡುವವರು. ಡಾಗ್ ಪಾರ್ಕ್ ಖಂಡಿತ ಅಲ್ಲ. ಮರಿಗಳಿಗೆ ವಾಂತಿ ಭೇದಿ ತಂದು ಜೀವಕ್ಕೇ ಕುತ್ತು ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಸಲ ವರ್ಷದವರೆಗೂ ಬದುಕಿರುತ್ತೆ, ಯಾವ ನಾಯಿ ಎಂದೋ ಬಿಟ್ಟುಹೋದದ್ದು ನಿಮ್ಮ ಮರಿಗೆ ಸಾಕು. ಮರಿಯನ್ನು ಎತ್ತಿಕೊಂಡೇ ಲೋಕ ತೋರಿಸಬಹುದು, ಅದಕ್ಕೆ ಯಾವ ತೊಂದರೆಯೂ ಇಲ್ಲ.

ಎಲ್ಲ ನಾಯಿಗೂ ಹೀಗಾಗುತ್ತೆ ಅಂತ ಹೇಳಲಾರೆ. ಕರೆದರೆ ತಿರುಗಿ ಬರುವ, ಬೇರೆಯವರ ತರಲೆಗೆ ತಲೆ ಕೆಡಿಸಿಕೊಳ್ಳದ ವಯಸ್ಕ ನಾಯಿಗೆ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಬಿಚ್ಚಿ ಓಡಲು ಒಂದು ಜಾಗ ಬೇಕೇಬೇಕು. ಮೊದಲ ಡಾಗ್ ಪಾರ್ಕ್ ಅಂತ ಸಾಮಾನ್ಯವಾಗಿ ಹೇಳುವುದು 1979ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆದ ಓಲೋನಿ ಪಾರ್ಕನ್ನು, ಅದು ಹಗ್ಗ ಬಿಚ್ಚಿ ಬಿಡಲು ಮಾಡಿದ ಜಾಗ. ಅಂಜುವ ಮರಿಗೆ ಪಾಠ ಕಲಿಸುವ ಶಾಲೆ ಅಂತ ಆಮೇಲೆ ನಾವು ಅಂದುಕೊಂಡೆವು. ಹೋಗಲೇಬೇಕು ಅಂದರೆ ಮೊದಲು ನಾಯಿ ಇಲ್ಲದೆ ಹೋಗಿ ಹತ್ತು ನಿಮಿಷ ಬೇಲಿಯ ಹೊರಗೆ ನಿಲ್ಲಿ. ನಾಯಿಗಳನ್ನಲ್ಲ, ಜನರನ್ನು ನೋಡಿ. ಎಷ್ಟು ಜನ ತಮ್ಮ ನಾಯಿಯನ್ನು ನೋಡುತ್ತಿದ್ದಾರೆ, ಎಷ್ಟು ಜನ ಫೋನು ನೋಡುತ್ತಿದ್ದಾರೆ ಅಂತ ಎಣಿಸಿ.

ನಾವು ಈಗ ಪಾರ್ಕಿನ ದಾರಿಯಲ್ಲೇ ಹೋಗುವುದಿಲ್ಲ. ಪರಿಚಯದವರ ಹತ್ತಿರ ಒಂದು ಮುದಿ ನಾಯಿ ಇದೆ, ಕಿವಿ ಅರ್ಧ ಕೇಳಿಸದು, ಯಾವುದಕ್ಕೂ ಕ್ಯಾರೇ ಅನ್ನುವುದಿಲ್ಲ. ರಸ್ತೆಯ ಆ ಬದಿ ಅದು, ಈ ಬದಿ ನಾವು, ಒಂದೇ ದಿಕ್ಕಿಗೆ ನಡೆಯುವುದು, ಅಷ್ಟೇ ವ್ಯಾಯಾಮ. ಚುಕ್ಕಿ ಅದನ್ನು ನೋಡಿಯೂ ಸುಮ್ಮನಿದ್ದರೆ ಬಾಯಿಗೊಂದು ತುಂಡು ತಿಂಡಿ. ಮೊದಲು ಮೂವತ್ತು ಮೀಟರ್ ದೂರ, ಎಷ್ಟೋ ವಾರದ ಮೇಲೆ ಇಪ್ಪತ್ತು, ಒಮ್ಮೆ ಎಲ್ಲಿಂದಲೋ ಬಿಡುಬೀಸಾಗಿ ಒಂದು ನಾಯಿ ನುಗ್ಗಿ ಬಂದು ಮತ್ತೆ ಮೂವತ್ತಕ್ಕೆ. ಕಳೆದ ವಾರ ಆ ಮುದುಕ ಒಂದು ಕಂಬ ಮೂಸಿ, ಕಾಲೆತ್ತಿ ಒಂದು ಮಾಡಿ ಮುಂದೆ ಹೋದ. ಅವನು ಹತ್ತು ಹೆಜ್ಜೆ ಹೋಗುವವರೆಗೆ ಚುಕ್ಕಿ ಕಾದಳು. ಆಮೇಲೆ ಅದೇ ಕಂಬದ ಹತ್ತಿರ ಹೋಗಿ ಎರಡು ನಿಮಿಷ ಮೂಸಿ, ಅಲ್ಲೇ ಕುಕ್ಕರಿಸಿ ತಾನೂ ಮಾಡಿದಳು. ಅವನು ತಿರುಗಿಯೂ ನೋಡಲಿಲ್ಲ, ಅವಳು ಬೊಗಳಲೂ ಇಲ್ಲ. ಇಷ್ಟಕ್ಕೆ ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು.