ಬೆಕ್ಕು, ಮೀನು ಇರುವ ಮನೆಯಲ್ಲಿ ಸೊಳ್ಳೆಗೆ ಯಾವುದು ವಾಸಿ?

ಕಾಯಿಲ್, ಸೊಳ್ಳೆ ಅಗರಬತ್ತಿ, ಲಿಕ್ವಿಡ್ ಮಷೀನ್, ಸೊಳ್ಳೆ ಪರದೆ, ಕಿಟಕಿ ಜಾಲರಿ ಎಲ್ಲವನ್ನೂ ಬಳಸಿ ನೋಡಿದ ಮೇಲೆ ನಮ್ಮ ಆಯ್ಕೆ ಹೀಗಿದೆ: ಮೊದಲು ಜಾಲರಿ, ಆಮೇಲೆ ಪರದೆ. ಮಷೀನ್ ಬೇರೆ ದಾರಿಯಿಲ್ಲದಾಗ ಮಾತ್ರ. ಉಳಿದ ಎರಡೂ ಬೇಡ.

ಕಾಯಿಲ್‌ನಲ್ಲಿ ಕೀಟನಾಶಕ ಇರುವುದು ಶೇ. 1ಕ್ಕಿಂತಲೂ ಕಡಿಮೆ. ಮಿಕ್ಕಿದ್ದು ಮರದ ಪುಡಿ, ತೆಂಗಿನ ಚಿಪ್ಪಿನ ಪುಡಿ, ಅಂಟು. ಅದು ರಾತ್ರಿಯಿಡೀ ಹೊಗೆಯಾಡುತ್ತದೆ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣಗಳು ಹೊರಬರುತ್ತವೆ ಎಂದು 2003ರ ಅಧ್ಯಯನವೊಂದು ಅಳೆದು ಹೇಳಿದೆ. ಹಾಗಾಗಿ ಪೆಟ್ಟಿಗೆಯ ಮೇಲೆ ‘ಹರ್ಬಲ್’ ಎಂದಿದ್ದರೂ ಪ್ರಯೋಜನವಿಲ್ಲ. ಬೇವು ಸುಟ್ಟರೂ ಹೊಗೆ ಹೊಗೆಯೇ. ಕಾಯಿಲ್ ಇಡುವುದು ನೆಲದ ಮೇಲೆ, ನಾಯಿ-ಬೆಕ್ಕು ಮಲಗುವುದೂ ಅಲ್ಲೇ. ಪಂಜರದ ಹಕ್ಕಿ ಇದ್ದರಂತೂ ಕಾಯಿಲ್ ಹಚ್ಚಲೇಬೇಡಿ.

ಅಗರಬತ್ತಿಯದು ಇನ್ನೊಂದು ತಕರಾರು: ಒಳಗೇನಿದೆ ಎಂದೇ ಗೊತ್ತಾಗುವುದಿಲ್ಲ. ಮನೆಬಳಕೆಯ ಕೀಟನಾಶಕಕ್ಕೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ವಿಷದ ಮಟ್ಟ ತೋರಿಸುವ ಬಣ್ಣದ ವಜ್ರಾಕಾರದ ಗುರುತು ಇಲ್ಲದೆಯೂ ಸೊಳ್ಳೆ ಪಟಪಟ ಬೀಳುತ್ತಿದ್ದರೆ ಅನುಮಾನ ಪಡಬೇಕು.

ಲಿಕ್ವಿಡ್ ಮಷೀನ್‌ನಲ್ಲಿ ಹೊಗೆಯಿಲ್ಲ, ಅದೇ ಅದರ ದೊಡ್ಡ ಗುಣ. ಆದರೆ ಅದರ ದ್ರವದಲ್ಲಿ ಬಳಸುವ ಟ್ರಾನ್ಸ್‌ಫ್ಲೂಥ್ರಿನ್, ಪ್ರಾಲೆಥ್ರಿನ್ ಎರಡೂ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಜಾತಿಯವು. ಇವು ಮೀನಿಗೆ ಕಡು ವಿಷ. ಅಕ್ವೇರಿಯಂಗೆ ಗಾಜು ಮುಚ್ಚಿದರೆ ಸಾಲದು: ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತಿರುತ್ತದೆ. ತೊಟ್ಟಿ ಇರುವ ಕೋಣೆಯಲ್ಲಿ ಮಷೀನ್ ಹಾಕಲೇಬಾರದು. ಬೆಕ್ಕಿನ ಪಿತ್ತಜನಕಾಂಗ ಈ ಜಾತಿಯ ರಾಸಾಯನಿಕಗಳನ್ನು ನಾಯಿಯಷ್ಟು ಬೇಗ ಒಡೆಯಲಾರದು. ಮಷೀನಿನ ಆವಿಗಿಂತ ದೊಡ್ಡ ಅಪಾಯ ಬಾಟಲಿ ಉರುಳಿ ಮೈಗೆ ಅಂಟಿ ಅದನ್ನು ನೆಕ್ಕಿಕೊಂಡಾಗ. ನಾಯಿಯ ಉಣ್ಣೆ-ಚಿಗಟಕ್ಕೆಂದು ತಂದ ಪರ್ಮೆಥ್ರಿನ್ (ಇದೂ ಪೈರೆಥ್ರಾಯ್ಡೇ) ಹನಿಯನ್ನು ಬೆಕ್ಕಿಗೂ ಹಾಕಿದರೆ ಜೀವಕ್ಕೇ ಕುತ್ತು. ಜೊಲ್ಲು, ನಡುಕ, ಸೆಳೆತ ಕಂಡರೆ ಕಾಯುತ್ತ ಕೂರಬೇಡಿ, ವೈದ್ಯರ ಬಳಿ ಓಡಿ. ಮೈಗೆ ಅಂಟಿದ್ದನ್ನು ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಿನಿಂದ ತೊಳೆಯಬೇಕು. ಟೀ ಟ್ರೀ ಎಣ್ಣೆ ‘ನೈಸರ್ಗಿಕ’ ಎಂದು ಬೆಕ್ಕಿಗೆ ಹಚ್ಚುವುದೂ ಇಷ್ಟೇ ಕೆಟ್ಟದ್ದು.

ಮಷೀನ್ ಹಾಕಲೇಬೇಕಾದರೆ ಸಂಜೆ ಪ್ರಾಣಿಗಳನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಓಡಿಸಿ. ನಿಲ್ಲಿಸಿ, ಜಾಲರಿಯ ಕಿಟಕಿ ತೆರೆದು ಫ್ಯಾನ್ ಹಾಕಿ, ಗಾಳಿಯಾಡಿದ ಮೇಲೆ ಒಳಗೆ ಬಿಡಿ.

ಜಾಲರಿಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು, ಆದರೆ ಬೆಕ್ಕಿನ ಮನೆಯಲ್ಲಿ ಫೈಬರ್‌ಗ್ಲಾಸ್ ಜಾಲರಿ ಹಾಕಬೇಡಿ. ಉಗುರು ಸಿಕ್ಕಿಸಿ ಹತ್ತಿದರೆ ಹರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಕೂರಿಸಿದ್ದು ಬಾಳುತ್ತದೆ. ಜಾಲರಿ ಅಂಟಿಸುವ ವೆಲ್ಕ್ರೊ ಪಟ್ಟಿ ಅಗ್ಗ; ಸುಣ್ಣದ ಪುಡಿ ಉದುರುವ ಗೋಡೆಗೆ ಅಂಟಿಸಿದರೆ ಬಿಸಿಲಿಗೆ ಕಿತ್ತು ಬರುತ್ತದೆ. ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ ಅಂಟಿಸಬೇಕು. ಬಚ್ಚಲಿನ ವೆಂಟಿಲೇಟರ್, ಬಾಗಿಲಿನ ಕೆಳಗಿನ ಸಂದು ಬಿಟ್ಟುಹೋದರೆ ಇಷ್ಟೂ ದಂಡ.

ಪರದೆ ಕೊಳ್ಳುವಾಗ ಕೀಟನಾಶಕ ಲೇಪಿಸದ್ದನ್ನೇ ಕೇಳಿ. ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಕೈಕಾಲು ಪರದೆಗೆ ತಾಗಿದ್ದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ, ಆದ್ದರಿಂದ ಅಗಲ ಧಾರಾಳವಾಗಿರಲಿ. ಪರದೆಯ ಒಂದೇ ಕೊರತೆ: ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರಾತ್ರಿ ಮಾತ್ರ ಹಾಕುವ ಮಷೀನಿಗೂ ಇದೇ ಮಾತು ಸಲ್ಲುತ್ತದೆ.

ಹಗಲಿನ ಸೊಳ್ಳೆಗೆ ಮದ್ದು ನೀರಿನಲ್ಲಿದೆ. ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು, ಹಾಗಾಗಿ ನಿಂತ ನೀರನ್ನು ವಾರಕ್ಕೊಮ್ಮೆ ಖಾಲಿ ಮಾಡಬೇಕು. ಬರೀ ನೀರು ಚೆಲ್ಲಿದರೆ ಆಗದು; ಈಡಿಸ್ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿ ಒಣಗಿದರೂ ಬದುಕಿರುತ್ತದೆ, ನಾರು ಹಾಕಿ ಉಜ್ಜಬೇಕು. ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ನೀರಿನ ಟ್ರೇ, ಹಕ್ಕಿಗಳಿಗೆಂದು ಮಹಡಿಯಲ್ಲಿಟ್ಟ ಬಟ್ಟಲು, ನಾಯಿ ಕುಡಿಯದೆ ಬಿಟ್ಟ ಬಕೆಟ್ಟು ಯಾವುದನ್ನೂ ಬಿಡಬೇಡಿ.