ಪೆಟ್ಟಿಗೆಯಲ್ಲಿ ಬಂದ ಬೆಲೆಮ್ನೈಟ್: ಕಲ್ಲು ಚೆನ್ನ, ಕರಪತ್ರ ಸಾಲದು

ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯ ಅಂಗಡಿಯೊಂದರಲ್ಲಿ 12 ಪೌಂಡ್ ಕೊಟ್ಟು ತಂದ ಬೆಲೆಮ್ನೈಟ್ ಪಳೆಯುಳಿಕೆಯ ಬಗ್ಗೆ ಈ ಅಭಿಪ್ರಾಯ. ಬಂದೂಕಿನ ಗುಂಡಿನಂತೆ ಒಂದು ತುದಿ ಚೂಪಾಗಿರುವ ಈ ಕಲ್ಲು, ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ಅಳಿದುಹೋದ ಬಂಧುವೊಂದರ ದೇಹದೊಳಗಿದ್ದ ಗಟ್ಟಿ ಭಾಗ. ಅಂಗಡಿಯವರು ಅದನ್ನು ಅಡ್ಡಕ್ಕೆ ಕೊಯ್ದು, ನಯಗೊಳಿಸಿ, ಕರಪತ್ರವೊಂದನ್ನು ಸೇರಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಕೊಯ್ದ ಮುಖದಲ್ಲಿ ಮರದ ಕಾಂಡದಲ್ಲಿರುವಂತೆ ಬಳೆಬಳೆಯಾಗಿ ಕಾಣುವ ಬೆಳವಣಿಗೆಯ ಪದರಗಳಿಗಾಗಿಯೇ ಇದನ್ನು ಕೊಳ್ಳಬೇಕು. 1951ರಲ್ಲಿ ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ ಮತ್ತು ಅವರ ಸಂಗಡಿಗರು ಡೈನೋಸಾರ್‌ಗಳಿದ್ದ ಜುರಾಸಿಕ್ ಕಾಲದ ಇಂಥದೇ ಒಂದು ಬೆಲೆಮ್ನೈಟನ್ನು ಪದರಪದರವಾಗಿ ಪರೀಕ್ಷಿಸಿ, ಅದರ ಕ್ಯಾಲ್ಸೈಟಿನಲ್ಲಿ, ಅಂದರೆ ಸುಣ್ಣದ ಖನಿಜದಲ್ಲಿ, ಆಮ್ಲಜನಕದ ಎರಡು ರೂಪಗಳಾದ ಭಾರದ ಆಮ್ಲಜನಕ-18 ಮತ್ತು ಹಗುರ ಆಮ್ಲಜನಕ-16ರ ಅನುಪಾತವನ್ನು ಅಳೆದರು. ನೀರು ತಣ್ಣಗಾದಷ್ಟೂ ಕ್ಯಾಲ್ಸೈಟಿನಲ್ಲಿ ಭಾರದ ಆಮ್ಲಜನಕದ ಪಾಲು ಹೆಚ್ಚುತ್ತದೆ. ಆ ಏರಿಳಿತವನ್ನು ಹಿಡಿದು, ಪ್ರಾಣಿ ಎಳೆತನ ಕಳೆದ ಮೇಲೆ ಮೂರು ಬೇಸಿಗೆ, ನಾಲ್ಕು ಚಳಿಗಾಲ ಕಂಡು, ಸುಮಾರು ನಾಲ್ಕು ವರ್ಷದ್ದಾಗಿ ವಸಂತದಲ್ಲಿ ಸತ್ತಿತೆಂದು, ಎಳೆತನದ ನೀರು ಕೊನೆಗಾಲದ್ದಕ್ಕಿಂತ ಬೆಚ್ಚಗಿತ್ತೆಂದು ಅವರು ಲೆಕ್ಕ ಹಾಕಿದರು. ಜಾತಕವೇ ಸರಿ, ಹುಟ್ಟಿದ ಗಳಿಗೆಯ ಬದಲು ಸತ್ತ ಋತುವಿನಿಂದ ಬರೆದದ್ದು.

ಇಷ್ಟು ಸೊಗಸಾದ ಕಥೆಯನ್ನು ಬಿಟ್ಟು ಕರಪತ್ರವು 'ಬೆಚ್ಚಗಿನ, ಆಳವಿಲ್ಲದ ಕಡಲಿನಲ್ಲಿ ಬದುಕಿತ್ತು' ಎಂದು ಒಂದೇ ಸಾಲಿನ ತೀರ್ಪು ಕೊಡುತ್ತದೆ. ಅನುಪಾತವನ್ನು ಉಷ್ಣತೆ ಒಂದೇ ನಿರ್ಧರಿಸುವುದಿಲ್ಲ. ಧ್ರುವಗಳಲ್ಲಿ ಎಷ್ಟು ಹಿಮವಿತ್ತು, ನದಿಯ ಸಿಹಿನೀರು ಎಷ್ಟು ಬೆರೆಯಿತು, ಎಷ್ಟು ಆವಿಯಾಯಿತು ಎಂಬುದರ ಮೇಲೂ ಅದು ಬದಲಾಗುತ್ತದೆ. ಪ್ರಾಣಿ ಮೇಲ್ನೀರಿನಲ್ಲಿ ಈಜುತ್ತಿತ್ತೋ ತಳದ ಬಳಿ ಇತ್ತೋ ಎಂದು ಊಹಿಸಲು, ಅದೇ ಶಿಲಾಪದರದಲ್ಲಿ ಸಿಕ್ಕ ತಳವಾಸಿ ಚಿಪ್ಪುಗಳೊಂದಿಗೆ ಹೋಲಿಸಿ ನೋಡಬೇಕು. ಅದಕ್ಕೆ ಕಲ್ಲು ಯಾವ ಪದರದ್ದೆಂದು ತಿಳಿದಿರಬೇಕು. ಪೆಟ್ಟಿಗೆಯ ಮೇಲೆ 'ಜುರಾಸಿಕ್' ಎಂಬುದಷ್ಟೇ ಇದೆ.

ಇನ್ನೊಂದು ದೂರು ಕಲ್ಲಿಗೆ ಬಳಿದ ವಾರ್ನಿಷ್‌ನದು. ನೆಲದೊಳಗಿನ ನೀರು ಕ್ಯಾಲ್ಸೈಟನ್ನು ಮರುಹರಳುಗಟ್ಟಿಸಿದ್ದರೆ ಮೂಲ ಅನುಪಾತ ಅಳಿಸಿಹೋಗಿರುತ್ತದೆ. ಹಾಗೆ ಕೆಟ್ಟ ಭಾಗದಲ್ಲಿ ಸಾಮಾನ್ಯವಾಗಿ ಮ್ಯಾಂಗನೀಸ್ ಹೆಚ್ಚಿ, ಇಲೆಕ್ಟ್ರಾನ್ ಕಿರಣ ಬಿದ್ದಾಗ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಇದನ್ನು ಪರೀಕ್ಷಿಸಲು ಕಲ್ಲನ್ನು ಪ್ರಯೋಗಾಲಯಕ್ಕೆ ಕೊಡುವ ಯೋಚನೆಯಿದ್ದವರು ಮೊದಲು ಈ ಹೊಳಪಿನ ಲೇಪವನ್ನು ಕೆರೆದು ತೆಗೆಯಬೇಕಾದೀತು. ಮೇಜಿನ ಅಲಂಕಾರಕ್ಕಾದರೆ ಹಣ ವ್ಯರ್ಥವಲ್ಲ. ಮಕ್ಕಳ ಕೈಗೆ ಕೊಟ್ಟು ಬಳೆಗಳನ್ನು ಎಣಿಸಲು ಹೇಳಿ. ಕರಪತ್ರವನ್ನು ಮಾತ್ರ ಪಕ್ಕಕ್ಕಿಡಿ. ನಾನು ಮುಂದಿನ ಸಲ ಕೊಯ್ಯದ, ಲೇಪವಿಲ್ಲದ, ಸಿಕ್ಕ ಪದರದ ಹೆಸರು ಬರೆದಿರುವ ಕಲ್ಲನ್ನೇ ಕೇಳುವವನಿದ್ದೇನೆ.